ಹೆಸರಿಲ್ಲದ ಸ್ತ್ರೀರೂಪ: ಎನ್. ಪುಷ್ಪಮಾಲಾ ಅವರ ಪದರಚಿತ್ರಗಳು

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಹೆಸರಿನಲ್ಲಿರುವ ‘ಮಾಸ್ತಿ’ ಎಂಬುದು ‘ಮಹಾಸತಿ’ಯ ತದ್ಭವ. ಕರ್ನಾಟಕದ ಮಾಸ್ತಿಕಲ್ಲುಗಳಲ್ಲಿ ಸಹಗಮನ ಮಾಡಿದವಳು ಬಹುಮಟ್ಟಿಗೆ ಒಂದು ತೋಳಾಗಿ ಮಾತ್ರ ಉಳಿದಿದ್ದಾಳೆ: ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಬಾಗಿದ ತೋಳು, ಮುಂಗೈಗೆ ಬಳೆ. ಶಾಸನವಿಲ್ಲದ ಕಲ್ಲುಗಳಲ್ಲಿ ಆಕೆ ಯಾರೆಂಬುದು ತಿಳಿಯದು. ಮುತ್ತೈದೆ ಎಂಬುದಷ್ಟೇ ತಿಳಿಯುತ್ತದೆ. ವ್ಯಕ್ತಿ ಅಳಿದು ಮಾದರಿ ಉಳಿಯುವ ಈ ಕ್ರಮವನ್ನು ಕ್ಯಾಮರಾ ಬೇರೊಂದು ಬಗೆಯಲ್ಲಿ ಮುಂದುವರಿಸಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು ಜನರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ, ಅಂಗಾಂಗಗಳ ಅಳತೆಗೆಂದು ಛಾಯಾಚಿತ್ರ ತೆಗೆದರು. 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ರ ‘ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳು’ ಅದೇ ದೃಷ್ಟಿಯ ಫಲ.

ಬೆಂಗಳೂರಿನ ಎನ್. ಪುಷ್ಪಮಾಲಾ ಅವರ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ (2000–04) ಸರಣಿಯ ಶೀರ್ಷಿಕೆಯೇ ಇಂಥ ಗ್ರಂಥಗಳ ಅಣಕ. ಬರೋಡದಲ್ಲಿ ಶಿಲ್ಪಕಲೆ ಕಲಿತ ಈ ಕಲಾವಿದೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡಗೂಡಿ ರೂಪಿಸಿದ ಈ ಚಿತ್ರಗಳಲ್ಲಿ ತಾವೇ ಪಾತ್ರವಾಗಿದ್ದಾರೆ: ರವಿವರ್ಮನ ಲಕ್ಷ್ಮಿ, ಪತ್ರಿಕೆಯಲ್ಲಿ ಅಚ್ಚಾದ ಸರಗಳ್ಳಿ, ಚೌಕುಳಿ ಪರದೆಯ ಮುಂದಿನ ತೋಡ ಹೆಣ್ಣು.

ಹಲವು ಚಿತ್ರಗಳನ್ನು ಗಣಕಯಂತ್ರದಲ್ಲಿ ಪದರಪದರವಾಗಿ ಬೆಸೆಯುವ ಡಿಜಿಟಲ್ ಕೊಲಾಜಿನ ಮಾರ್ಗ ಇದಕ್ಕಿಂತ ಭಿನ್ನ. ವಿವಾನ್ ಸುಂದರಂ ‘ರೀ-ಟೇಕ್ ಆಫ್ ಅಮೃತಾ’ದಲ್ಲಿ (2001–02) ತಮ್ಮ ಅಜ್ಜ ಉಮರಾವ್ ಸಿಂಗ್ ತೆಗೆದಿದ್ದ ಮನೆಯವರ ಛಾಯಾಚಿತ್ರಗಳನ್ನು ಬೆಸೆದು, ಬೇರೆಬೇರೆ ಕಾಲದವರನ್ನು ಒಂದೇ ಕೋಣೆಗೆ ತಂದರು. ಅಲ್ಲಿ ಬೆಸುಗೆ ಕಣ್ಣಿಗೆ ಬೀಳದಿರುವುದೇ ಕೌಶಲ. ಪುಷ್ಪಮಾಲಾ ಅವರ ಪದರಗಳು ಕ್ಯಾಮರಾದ ಎದುರಿಗೇ ಕಟ್ಟಿದವು: ಬಣ್ಣದ ಪರದೆ, ವೇಷ, ಅದರೊಳಗೆ ನಿಜವಾದ ಮೈ. ಬಯಲಾಟದ ವೇಷವನ್ನು ಬಲ್ಲವರಿಗೆ ಇದು ಹೊಸತೆನಿಸದು. ಆಡುವವರು ಯಾರೆಂದು ತಿಳಿದೇ ನೋಡುವ ಆಟವದು.

ಎಲ್ಲ ಚಿತ್ರಗಳಿಗೂ ಒಂದೇ ಬಲವಿಲ್ಲ. ಲಕ್ಷ್ಮಿಯ ಚಿತ್ರದ ವಿನೋದ ಮೊದಲ ನೋಟಕ್ಕೇ ಮುಗಿಯುತ್ತದೆ. ತೋಡ ಹೆಣ್ಣಿನ ಚಿತ್ರ ಮಾತ್ರ ನೋಡುಗನನ್ನು ಅಳೆಯುವವನ ಜಾಗದಲ್ಲಿ ನಿಲ್ಲಿಸಿ ಕಸಿವಿಸಿಗೊಳಿಸುತ್ತದೆ. ಆದರೆ ಇಲ್ಲೊಂದು ತೊಡಕೂ ಇದೆ. ಪರದೆಯ ಮುಂದೆ ಬಲವಂತವಾಗಿ ನಿಂತಿದ್ದವಳ ಹೆಸರು ಈಗಲೂ ದೊರೆಯದು; ಆ ಜಾಗದಲ್ಲಿ ಹೆಸರಾಂತ ಕಲಾವಿದೆಯ ಮುಖ ಬಂದಿದೆ. ಮಾದರಿಯನ್ನು ಒಡೆಯುವ ಕೆಲಸ ವ್ಯಕ್ತಿಯನ್ನು ಮರಳಿ ತಂದಿಲ್ಲ.

ಈ ಆಕ್ಷೇಪಣೆಯನ್ನು ಎತ್ತುವ ಜಾನಪದ ಅಧ್ಯಯನವೂ ಇದರಿಂದ ಹೊರತಲ್ಲ. ಸಾಗರ, ಹೊಸನಗರ ಸೀಮೆಯ ದೀವರ ಹಸೆಚಿತ್ತಾರದ ಬರಹಗಳಲ್ಲಿ ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಪುಂಡಿನಾರಿನ ಕುಂಚಗಳ ವಿವರ ಸೂಕ್ಷ್ಮವಾಗಿ ಬರುತ್ತದೆ. ಜೊತೆಯ ಛಾಯಾಚಿತ್ರದ ಕೆಳಗೆ ಮಾತ್ರ ಹಲವೆಡೆ ‘ಹಸೆ ಬರೆಯುತ್ತಿರುವ ದೀವರ ಮಹಿಳೆ’ ಎಂದಷ್ಟೇ ಇರುತ್ತದೆ. ಆ ಚಿತ್ತಾರಗಿತ್ತಿಯ ಹೆಸರು ಸಂಶೋಧಕನಿಗೆ ತಿಳಿಯದೆ ಇದ್ದಿರಲಾರದು. ಆಕೆಯ ಮನೆಯ ಜಗುಲಿಯಲ್ಲಿ ಕುಳಿತೇ ಅವನು ಟಿಪ್ಪಣಿ ಬರೆದುಕೊಂಡಿರುತ್ತಾನೆ.