ಕೀಲೆಣ್ಣೆಯ ವಿವೇಕ

ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದ ಸುತ್ತಲಿನ ಎರೆನೆಲವು ಮಳೆಗಾಲದಲ್ಲಿ ಗಾಲಿಗಳನ್ನು ಹಿಡಿದು ನಿಲ್ಲಿಸುವಂಥದಾದ್ದರಿಂದ, ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದಾರಿಗಿಳಿಯಬಾರದೆಂಬ ಒಕ್ಕಲುತನದ ಶಿಸ್ತಿಗೆ ಇಲ್ಲಿ ಆಳವಾದ ಅರ್ಥವಿದೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಭಾರತದಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಜೀಪಿನಲ್ಲಿ ಅದೇ ಶಿಸ್ತು ಟ್ರಾನ್ಸ್‌ಫರ್ ಕೇಸಿಗೆ, ಅಂದರೆ ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಿನ ಮತ್ತು ಹಿಂದಿನ ಗಾಲಿಗಳೆರಡಕ್ಕೂ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆಗೆ, ಸಲ್ಲಬೇಕಾಗುತ್ತದೆ. ಪಂಪು ಇಲ್ಲದ ಈ ಪೆಟ್ಟಿಗೆಯಲ್ಲಿ, ತಳದ ಎಣ್ಣೆಯಲ್ಲಿ ಮುಳುಗಿ ತಿರುಗುವ ಹಲ್ಲುಚಕ್ರಗಳೇ ಅದನ್ನು ಚಿಮ್ಮಿಸಿ ಬೇರಿಂಗುಗಳನ್ನು ನೆನೆಸುವ ಸರಳ ಏರ್ಪಾಡು ಮೆಚ್ಚತಕ್ಕದ್ದಾಗಿದೆ; ಆದರೆ ಎಣ್ಣೆಯ ಮಟ್ಟ ತೀರ ಇಳಿದರೆ ಮೇಲಿನ ಭಾಗಗಳು ಒಣಗಿ ಸವೆಯುತ್ತವೆ. ಪೆಟ್ಟಿಗೆಯಿಂದ ಹೊರಚಾಚುವ ತಿರುಗುದಂಡಗಳ ಸುತ್ತ ಎಣ್ಣೆಯನ್ನು ತಡೆಯುವ ಆಯಿಲ್ ಸೀಲುಗಳು ಹಳತಾಗಿ ಗಡಸಾಗುವುದರಿಂದಲೂ, ಗಾಳಿಯಾಡಲು ಇರುವ ಬ್ರೀದರ್ ರಂಧ್ರವು ಕೆಸರಿನಿಂದ ಮುಚ್ಚಿ ಒಳಗಿನ ಒತ್ತಡ ಏರುವುದರಿಂದಲೂ ಸೋರಿಕೆ ಹುಟ್ಟುತ್ತದೆ. ಆದುದರಿಂದ ಬಲ್ಲ ಮೇಸ್ತ್ರಿಯು ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಎಣ್ಣೆ ತುಂಬುವ ರಂಧ್ರದ ಬಿರಡೆ ಬಿಚ್ಚಿ, ಎಣ್ಣೆಯು ಅದರ ಕೆಳಗಿನ ಅಂಚನ್ನು ಮುಟ್ಟಿದೆಯೇ ಎಂದು ನೋಡುತ್ತಾನೆ. ಹಾಲಿನ ಬಣ್ಣ ಕಂಡರೆ ನೀರು ಸೇರಿದೆಯೆಂದೂ, ಲೋಹದ ಪುಡಿ ಮಿನುಗಿದರೆ ಒಳಭಾಗ ಸವೆದಿದೆಯೆಂದೂ ಅರಿಯುತ್ತಾನೆ. ಸದ್ದು ಕೇಳಿಬಂದ ಮೇಲೆ ಸುರಿದ ಎಣ್ಣೆಯು ಸವೆದ ಹಲ್ಲನ್ನು ಮರಳಿಸಲಾರದು. ಸಕಾಲದ ಪರೀಕ್ಷೆಯೊಂದೇ ಹಳೆಯ ಜೀಪಿನ ನಿಜವಾದ ಆಯುಷ್ಯ.