ಮರಳಿದ ಕಂಠ, ಬದಲಾದ ಪಾತ್ರ

ದೀರ್ಘ ಬಿಡುವಿನ ಬಳಿಕ ಆಪೆರಾ ಗಾಯಕರೊಬ್ಬರು ರಂಗಕ್ಕೆ ಮರಳಿದಾಗ ಮೊದಲ ರಾತ್ರಿ ಬೀಳುವ ಚಪ್ಪಾಳೆಯಲ್ಲಿ ಹೆಚ್ಚಿನ ಪಾಲು ಮನುಷ್ಯನಿಗೆ ಸಲ್ಲುವುದೇ ಹೊರತು ಹಾಡುಗಾರಿಕೆಗಲ್ಲ. ಕಂಠದ ನಿಜಸ್ಥಿತಿಯನ್ನು ಅರಿಯಬೇಕಾದರೆ ಅನಂತರದ ವರ್ಷಗಳಲ್ಲಿ ಅವರು ಯಾವ ಪಾತ್ರಗಳನ್ನು ಆರಿಸಿಕೊಂಡರು ಎಂಬುದನ್ನು ಗಮನಿಸಬೇಕಾಗುತ್ತದೆ. ಬಾರ್ಸಿಲೋನಾದ ಹೋಸೆ ಕರೇರಾಸ್ ಅವರ ಪುನರಾಗಮನ ಇದಕ್ಕೆ ಉತ್ತಮ ನಿದರ್ಶನ.

ಟೆನರ್, ಅಂದರೆ ಗಂಡುದನಿಗಳಲ್ಲಿ ತಾರಸ್ಥಾಯಿಯದಾದ ಕಂಠ, ಕರೇರಾಸ್ ಅವರದು. 1987ರಲ್ಲಿ ಪುಚ್ಚಿನಿಯ 'ಲಾ ಬೊಹೆಮ್' ಆಧರಿಸಿದ ಚಲನಚಿತ್ರಕ್ಕಾಗಿ ಪ್ಯಾರಿಸ್‌ನಲ್ಲಿದ್ದಾಗ ಅವರಿಗೆ ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಅಮೆರಿಕದ ಸಿಯಾಟಲ್‌ನಲ್ಲಿ ಅಸ್ಥಿಮಜ್ಜೆಯ ಕಸಿಯೂ ನಡೆಯಿತು. ಹಾಡುಗಳು ಮೊದಲೇ ಧ್ವನಿಮುದ್ರಣಗೊಂಡಿದ್ದುದರಿಂದ ಚಿತ್ರ ನಿಲ್ಲಲಿಲ್ಲ. ಲೂಕಾ ಕನೋನಿಚಿ ಎಂಬ ಮತ್ತೊಬ್ಬ ಟೆನರ್ ಆ ಹಾಡುಗಳಿಗೆ ತುಟಿಯಾಡಿಸಿ ನಾಯಕ ರೊಡಾಲ್ಫೊನ ಪಾತ್ರವನ್ನು ಅಭಿನಯಿಸಿದರು. ಹೀಗೆ ದನಿಯನ್ನು ದೇಹದಿಂದ ಬೇರ್ಪಡಿಸುವುದು ಬೆಳ್ಳಿತೆರೆಗೆ ಸಾಧ್ಯ, ಆಪೆರಾ ರಂಗಕ್ಕೆ ಅಸಾಧ್ಯ.

ಅಸಾಧ್ಯವೆನ್ನಲು ಕಾರಣವಿದೆ. ಆಪೆರಾ ಗಾಯಕರು ಸಾಂಪ್ರದಾಯಿಕವಾಗಿ ಧ್ವನಿವರ್ಧಕವಿಲ್ಲದೆ ದೊಡ್ಡ ವಾದ್ಯವೃಂದವನ್ನು ದಾಟಿ ಹಾಡುತ್ತಾರೆ. ಕಂಠನಾಳದ ಆಕಾರವನ್ನು ಹದಗೊಳಿಸಿ, ವಾದ್ಯಗಳ ಬಲ ಕುಗ್ಗಿರುವ ಸುಮಾರು 3,000 ಹರ್ಟ್ಸ್ ಕಂಪನಾಂಕದ ಆಸುಪಾಸಿನಲ್ಲಿ ದನಿಯ ಕಾಂತಿಯನ್ನು ಹೆಚ್ಚಿಸಿಕೊಳ್ಳುವುದು ಇದರ ಗುಟ್ಟು. ಇದಕ್ಕೆ ಆಧಾರವಾದ ಉಸಿರಿನ ಹಿಡಿತ ವಪೆ, ಪಕ್ಕೆಲುಬು ಮತ್ತು ಹೊಟ್ಟೆಯ ಸ್ನಾಯುಗಳಿಂದ ಬರುವುದರಿಂದ, ಸ್ವರತಂತುಗಳಿಗೆ ಧಕ್ಕೆಯಾಗದಿದ್ದರೂ ಮೈಯನ್ನು ಸೊರಗಿಸುವ ಕಾಯಿಲೆ ಇಡೀ ವಾದ್ಯವನ್ನೇ ಸಡಿಲಿಸಿದಂತೆ.

ಆದ್ದರಿಂದ 1988ರ ಜುಲೈ 21ರಂದು ಬಾರ್ಸಿಲೋನಾದ ವಿಜಯತೋರಣದ ಬಳಿ ಸುಮಾರು 1,50,000 ಜನರ ಮುಂದೆ ನಡೆದ ಬಯಲು ಕಛೇರಿ ಒಂದು ಊರಿನ ಹರ್ಷೋತ್ಸವವಾಗಿತ್ತೇ ಹೊರತು ಕಂಠದ ಪರೀಕ್ಷೆಯಾಗಿರಲಿಲ್ಲ. ಆಪೆರಾಕ್ಕೆ ಅವರು ಮರಳಿದ್ದು 1989ರಲ್ಲಿ, ಸ್ಪೇನಿನ ಮೆರೀಡಾದ ರೋಮನ್ ಕಾಲದ ರಂಗಮಂದಿರದಲ್ಲಿ, ಕೆರುಬಿನಿಯ 'ಮೆಡೆಯಾ' ಕೃತಿಯ ಜೇಸನ್ ಆಗಿ. ಮೆಡೆಯಾಳಾಗಿ ಎದುರಿಗಿದ್ದವರು ಮೋನ್ಸೆರಾತ್ ಕಬಾಯೆ. 1970ರಲ್ಲಿ 'ನೋರ್ಮಾ' ಆಪೆರಾದ ಫ್ಲಾವಿಯೊ ಎಂಬ ಪುಟ್ಟ ಪಾತ್ರದಲ್ಲಿ ಹಾಡಿದ್ದ ತರುಣ ಕರೇರಾಸ್ ಅವರನ್ನು ಗುರುತಿಸಿ ಮುನ್ನಡೆಸಿದ್ದೂ ಅವರೇ.

1990ರಲ್ಲಿ ರೋಮ್‌ನಲ್ಲಿ ಮುಂಬೈ ಮೂಲದ ಜುಬಿನ್ ಮೆಹ್ತಾ ನಿರ್ದೇಶನದಲ್ಲಿ ಟೆನರ್‌ಗಳಾದ ಪಾವರೋಟಿ, ಡೊಮಿಂಗೊ ಜೊತೆ ನಡೆಸಿಕೊಟ್ಟ ಕಛೇರಿ ಅವರಿಗೆ ಜಗದಗಲದ ಕೀರ್ತಿ ತಂದಿತಾದರೂ, ರಸಿಕರು ಆಲಿಸಬೇಕಾದದ್ದು ಅದಾದ ಬಳಿಕ ಅವರು ಆಯ್ದ ಪಾತ್ರಗಳನ್ನು. 1970ರ ದಶಕದ ಧ್ವನಿಮುದ್ರಿಕೆಗಳಲ್ಲಿ ತಾರಸ್ವರವನ್ನು ಮೆಲುದನಿಗೆ ಇಳಿಸುವಾಗ ಕೇಳುವ ಸಲೀಸು ಆಮೇಲೆ ವಿರಳವಾಯಿತು. ಇದಕ್ಕೆ ಕಾಯಿಲೆಯೊಂದೇ ಕಾರಣವಲ್ಲ: 1979ರಲ್ಲಿ ವಾದ್ಯವೃಂದ ನಿರ್ದೇಶಕ ಕರಾಯನ್ ಅವರೊಡನೆ ಸಾಲ್ಜ್‌ಬರ್ಗ್‌ನಲ್ಲಿ ಹಾಡಿದ 'ಐಡಾ'ದ ರದಾಮೆಸ್‌ನಂಥ ಭಾರದ ಪಾತ್ರಗಳು ಆ ಕೋಮಲ ಕಂಠವನ್ನು ಮೊದಲೇ ದಣಿಸಿದ್ದವು. ಮರಳಿದ ಕರೇರಾಸ್ ಒಪ್ಪಿಕೊಂಡದ್ದು ಎತ್ತರಕ್ಕಿಂತ ನುಡಿಯ ತೂಕವನ್ನು ಬೇಡುವ ಪಾತ್ರಗಳನ್ನು. 1993ರಲ್ಲಿ ಲಂಡನ್‌ನಲ್ಲಿ ವೆರ್ದಿಯ 'ಸ್ಟಿಫೆಲಿಯೊ', 1998ರಲ್ಲಿ ಜ್ಯೂರಿಕ್‌ನಲ್ಲಿ ವುಲ್ಫ್-ಫೆರಾರಿಯ 'ಸ್ಲೈ'. ಧರ್ಮಬೋಧನೆಗೂ ಸ್ವಂತ ಸಿಟ್ಟಿಗೂ ನಡುವೆ ಸಿಲುಕಿದ ಪಾದ್ರಿಯೊಬ್ಬ, ಲೇವಡಿಗೆ ಗುರಿಯಾದ ಕುಡುಕ ಕವಿಯೊಬ್ಬ: ಇಂಥವರ ಬಾಯಲ್ಲಿ ದನಿಯ ಬಿರುಸು ಕುಂದೆನಿಸದೆ ಸ್ವಭಾವವೇ ಆಗಿಬಿಡುತ್ತದೆ. 1927ರಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ಮೊದಲು ಬೆಳಕು ಕಂಡು ಕ್ರಮೇಣ ಮರೆಗೆ ಸರಿದಿದ್ದ 'ಸ್ಲೈ' ಮತ್ತೆ ಜನರ ಕಿವಿಗೆ ಬಿದ್ದದ್ದು ಹೆಚ್ಚಾಗಿ ಈ ಆಯ್ಕೆಯಿಂದಲೇ. ಹಳೆಯ ಸಲೀಸನ್ನು ಮರಳಿ ತರಲಾಗದ ಗಾಯಕ, ಮರೆತುಹೋಗುತ್ತಿದ್ದ ಆಪೆರಾವೊಂದನ್ನು ತಮ್ಮೊಡನೆ ರಂಗಕ್ಕೆ ಮರಳಿ ತಂದರು.