ಸೀಟು ಒಂದಿಷ್ಟು ಮೇಲಿರಲಿ

ಭಾನುವಾರ ಬೆಳಕು ಹರಿಯುವ ಮೊದಲೇ ನಂದಿಬೆಟ್ಟದ ದಾರಿ ಹಿಡಿಯುವ ಬೆಂಗಳೂರಿನ ಸೈಕಲ್ ಗುಂಪುಗಳಲ್ಲಿ ನರೆತ ತಲೆಗಳಿಗೆ ಈಗ ಬರವಿಲ್ಲ. ಶುಗರ್, ಬಿಪಿ, ಹೊಟ್ಟೆ, ಈ ಮೂರರಲ್ಲಿ ಯಾವುದಕ್ಕೋ ಹೆದರಿ ಐವತ್ತು ದಾಟಿದ ಮೇಲೆ ಸೈಕಲ್ ಹತ್ತಿದವರು. ಹುಡುಗರಾಗಿದ್ದಾಗ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆದವರೇ ಬಹುಪಾಲು. ಹತ್ತಿದ್ದು ಒಳ್ಳೆಯದೇ, ಹತ್ತುವ ರೀತಿಯ ಬಗ್ಗೆ ನನ್ನ ತಕರಾರಿದೆ.

ಓಡುವಾಗ ಹೆಜ್ಜೆಹೆಜ್ಜೆಗೂ ಮೈಭಾರದ ಹೊಡೆತ ಮಂಡಿಗೆ ಬೀಳುತ್ತದೆ. ಸೈಕಲ್ಲಿನಲ್ಲಿ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ತೊಡೆಯ ದೊಡ್ಡ ಸ್ನಾಯುಗಳು ದುಡಿದಷ್ಟೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ; ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ತುಳಿದರೆ ಆಯಿತು.

ಇಷ್ಟಕ್ಕೆ ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ ಯಾಕೆ? ಅಂಗಡಿಯಲ್ಲಿ ಗೇರಿನ ಬಗ್ಗೆ ಗಂಟೆಗಟ್ಟಲೆ ವಿಚಾರಿಸುವವರು ಸೀಟಿನ ಎತ್ತರ ಮಾತ್ರ ಕೇಳುವುದಿಲ್ಲ. ಬಿದ್ದೇವೆಂಬ ಅಂಜಿಕೆಗೆ, ಕೂತಲ್ಲೇ ಎರಡೂ ಕಾಲು ನೆಲಕ್ಕೆ ಊರುವಷ್ಟು ತಗ್ಗಿಸಿಕೊಳ್ಳುತ್ತಾರೆ. ಆಗ ಪೆಡಲ್ ಮೇಲೆ ಬಂದಾಗಲೆಲ್ಲ ಮಂಡಿ ವಿಪರೀತ ಮಡಚಿ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ತಿಂಗಳೊಪ್ಪತ್ತಿನಲ್ಲಿ ನೋವು, "ಇದು ನಮ್ಮ ವಯಸ್ಸಿಗಲ್ಲ ಬಿಡ್ರೀ" ಎಂಬ ತೀರ್ಪು. ಸೈಕಲ್ ಬಾಲ್ಕನಿ ಸೇರುತ್ತದೆ, ಅದರ ಮೇಲೆ ಟವೆಲ್ ಒಣಗುತ್ತದೆ. ಅಳತೆ ಸುಲಭ. ಗೋಡೆ ಹಿಡಿದು ಕೂತು, ಪೂರ್ತಿ ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿಯಲ್ಲಿ ತುಸು ಬಾಗು ತಾನಾಗಿ ಉಳಿಯುತ್ತದೆ. ನಿಲ್ಲಿಸುವಾಗ ಸೀಟು ಬಿಟ್ಟು ಮುಂದಕ್ಕೆ ಇಳಿಯುವುದನ್ನು ರೂಢಿಸಿಕೊಳ್ಳಬೇಕು, ಅಷ್ಟೇ. ಏರಿನಲ್ಲಿ ಭಾರದ ಗೇರು ಹಾಕಿ ಗುದ್ದಾಡುವುದೂ ಮಂಡಿಗೆ ಕೇಡು. ಹಗುರ ಗೇರಿನಲ್ಲಿ ಚುರುಕಾಗಿ ತುಳಿಯುವುದು ಮೇಲು.

ನಂದಿಬೆಟ್ಟದ ಹುಚ್ಚಿನ ಬಗ್ಗೆ ನನಗೆ ಮೆಚ್ಚುಗೆ ಅಷ್ಟಕ್ಕಷ್ಟೆ. ವಾರವೆಲ್ಲ ಕುರ್ಚಿಗೆ ಅಂಟಿ, ಭಾನುವಾರ ಏಳೆಂಟು ಕಿಲೋಮೀಟರಿನ ಏರು ಹತ್ತಿ, ಆ್ಯಪಿಗೆ ಲೆಕ್ಕ ಒಪ್ಪಿಸಿ, ಇಳಿದವರೇ ಇಡ್ಲಿ, ವಡೆ, ಮೇಲೊಂದು ಮಸಾಲೆ ದೋಸೆ! ಬಿಪಿ ಇದ್ದವರು, ಎದೆನೋವು ಕಂಡವರು ವೈದ್ಯರನ್ನು ಕೇಳದೆ ಆ ಏರಿನ ಗೊಡವೆಗೆ ಹೋಗಬಾರದು. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಗ್ಲೂಕೋಸ್ ಇರಲೇಬೇಕು.

ಸೈಕಲ್ ಒಂದೇ ಸಾಲದು ಕೂಡ. ಮೈಭಾರ ಬೀಳದ್ದರಿಂದ ಮಂಡಿ ಬದುಕುತ್ತದೆ, ಅದೇ ಕಾರಣಕ್ಕೆ ಮೂಳೆಗೆ ಸಿಗುವ ಲಾಭ ಕಡಿಮೆ. ಮುಟ್ಟು ನಿಂತ ಹೆಂಗಸರು ಇದನ್ನು ಗಮನಿಸಬೇಕು. ನಡಿಗೆಯೂ, ವಾರಕ್ಕೆರಡು ದಿನ ತೂಕ ಎತ್ತುವುದೂ ಜೊತೆಗಿರಲಿ.

ನಾನು ಹೆಚ್ಚು ಅಂಕ ಕೊಡುವುದು ಕ್ಯಾರಿಯರಿಗೆ ಚೀಲ ಸಿಕ್ಕಿಸಿ ದಿನಾ ತರಕಾರಿಗೋ ಹಾಲಿಗೋ ಹೋಗುವ ನಿವೃತ್ತರಿಗೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದದ್ದೂ ಇಂಥ ಸಣ್ಣ ಓಡಾಟಕ್ಕೇ. ಆದರೆ ಅದಕ್ಕೆ ರಸ್ತೆಯ ಅಂಚು ಖಾಲಿ ಇರಬೇಕು. ಬೆಂಗಳೂರಿನ ಬಡಾವಣೆಗಳಲ್ಲಿ ಅದನ್ನು ನಿಲ್ಲಿಸಿಟ್ಟ ಕಾರುಗಳು ನುಂಗಿವೆ. ಅವುಗಳಲ್ಲಿ ಕೆಲವು ಈ ಭಾನುವಾರದ ಸೈಕಲ್ ಸವಾರರವೇ.